ಅಕ್ಕಿ ಡಬ್ಬದ ಹಿಂದಿನ ಇಪ್ಪತ್ತು ರೊಟ್ಟಿ

ಝೋಂಗ್ರಿ, ಸಿಕ್ಕಿಂ

ಅತ್ತೆಯವರಿಗೆ ಕೀರ್ತಿಯ ನಮಸ್ಕಾರ.

ಚಾರಣದ ತಂಡದವರೆಲ್ಲ ನಡೆದು ನಡೆದು, ದಾರಿಯ ಮೂರನೇ ತಂಗುದಾಣವಾದ ಮರದ ಗುಡಿಸಲಿಗೆ ಬಂದಿದ್ದೇವೆ. ಹಿಮ ಬಿದ್ದು, ರೇಷನ್ ಹೊತ್ತ ಯಾಕ್‌ಗಳು ಎರಡು ದಿನ ಮೇಲೆ ಬರಲೇ ಇಲ್ಲ. ನೀವು ಕಟ್ಟಿಕೊಟ್ಟ ಕಡಕ್ ರೊಟ್ಟಿಯನ್ನೇ ಒಂಬತ್ತು ಜನ ಹಂಚಿಕೊಂಡು ತಿಂದೆವು. ಅಡುಗೆಯ ಪೆಮಾ ದೀದಿ ಅದನ್ನು ತಟ್ಟೆ ಎಂದುಕೊಂಡು ಮೇಲೆ ಉಳಿದಿದ್ದ ಬೇಳೆ ಸುರಿದರು. ಆಮೇಲೆ ತಟ್ಟೆಯನ್ನೂ ಮುರಿದು ತಿಂದು ನಕ್ಕರು.

“ಗುಡ್ಡದಾಗ ಅಂಗಡಿ ಇರಂಗಿಲ್ಲವ್ವಾ, ನಲವತ್ತೂ ತಗೊಂಡ್ ಹೋಗು” ಅಂದಿದ್ದಿರಿ. ಭಾರವೆಂದು ಇಪ್ಪತ್ತನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಬಂದೆ. ನಿನ್ನೆ ಹೊಟ್ಟೆ ಹಸಿದು ಅವನ್ನೇ ನೆನೆದೆ.

ಮಂಡಿ ನೋವಿದೆ, ಜ್ವರವಿಲ್ಲ. ಇವತ್ತು ಯಾಕ್‌ಗಳು ಬಂದವು. ಅವುಗಳ ಯಜಮಾನ ಈಗಲೇ ಇಳಿಯುತ್ತಿದ್ದಾನೆ, ಈ ಅಂಚೆ ಕಾರ್ಡನ್ನು ಅವನ ಕೈಗೆ ಕೊಡುತ್ತಿದ್ದೇನೆ. ರೊಟ್ಟಿಗೆ ಇರುವೆ ಮುತ್ತೀತು, ತೆಗೆದಿಡಿ. ಯಲಹಂಕಕ್ಕೆ ಬಂದು, ನಿಮ್ಮೆದುರೇ ಕೂತು ಇಪ್ಪತ್ತೂ ತಿನ್ನುತ್ತೇನೆ.