ಬಾಗಿಲಲ್ಲಿ ಸೌಟು ಹಿಡಿದವಳು

ಠಾಕುರ್ಲಿ (ಪೂರ್ವ),
೧೮ ಮೇ ೨೦೨೫, ಭಾನುವಾರ

ಸಂದೇಶನ ಪಪ್ಪನಿಗೆ ರತ್ನಾವತಿ ಮಾಡುವ ನಮಸ್ಕಾರಗಳು.

ಅತ್ತಿಗೆಯ ಮೊಣಕಾಲು ಹೇಗಿದೆ? ಆಪರೇಷನ್ ಆಗಿ ಮೂರು ವಾರವಾಯಿತು, ಈಗ ಕೋಲು ಹಿಡಿದು ಬಾವಿಕಟ್ಟೆಯವರೆಗಾದರೂ ನಡೆಯುತ್ತಿರಬೇಕು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಒಂದು ದಿನವೂ ತಪ್ಪಬಾರದೆಂದು ನನ್ನ ಹೆಸರಿನಲ್ಲಿ ಗದರಿಸಿ. ತಮ್ಮನಾದ ನೀವು ಬಂದು ಪಕ್ಕದಲ್ಲಿ ಕೂತಿದ್ದೀರೆಂದರೆ ಅವರು ಮಂಚ ಬಿಟ್ಟು ಏಳುವವರಲ್ಲ. ನಿಮ್ಮ ಶುಗರಿನ ಮಾತ್ರೆ ತಿಂಡಿಗೆ ಮೊದಲು, ತಿಂಡಿಯ ನಂತರ ಅಲ್ಲ. ಉಡುಪಿಯ ಬನ್ಸ್ ಕಂಡರೆ ನಿಮಗೆ ಮಾತ್ರೆಯೂ ನೆನಪಾಗುವುದಿಲ್ಲ, ಹೆಂಡತಿಯೂ ನೆನಪಾಗುವುದಿಲ್ಲ. ಇಲ್ಲಿಯ ಸೆಕೆ ಹೇಳಿ ಸುಖವಿಲ್ಲ. ಮಳೆಗೆ ಮುಂಚಿನ ಕೆಲಸ ಜೋರಾಗಿದೆ. ಕೊಂಬೆ ಕಡಿಯಲು ಯಾವಾಗ ಬರುತ್ತೀರೆಂದು ಡೊಂಬಿವ್ಲಿಯಿಂದ, ಕಾಮೋಠೆಯಿಂದ ಸೊಸೈಟಿಯವರು ದಿನವಿಡೀ ಫೋನು ಮಾಡುತ್ತಾರೆ. ಸಂದೇಶ ಬೆಳಿಗ್ಗೆ ಚಹಾ ಕುಡಿದು ಹೊರಟರೆ ಊಟಕ್ಕೂ ಬರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಹಾಗೆಂದು ಬರೆಯುವ ಪದ್ಧತಿ, ಅದಕ್ಕೆ ಬರೆದೆ. ನಿಜ ಹೇಳಬೇಕೆಂದರೆ ಗುರುವಾರದಿಂದ ನನ್ನ ಹೊಟ್ಟೆ ಉರಿಯುತ್ತಿದೆ.

ಫೋನಿರುವಾಗ ಇವಳಿಗೆ ಕಾಗದದ ಹುಚ್ಚೇಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ಹೇಳಿದರೆ ನಿಮಗೆ ಕೇಳಿಸುವುದಿಲ್ಲ. ಸ್ಪೀಕರ್ ಹಾಕಿ ಕೂಗಿದರೆ ನಿಮ್ಮೊಬ್ಬರನ್ನು ಬಿಟ್ಟು ಅತ್ತಿಗೆಯ ಮನೆಯವರಿಗೆಲ್ಲ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನೀವು ಕೈಮುಗಿದ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೇನೆ, ನಿಮ್ಮ ಉಪಾಯಗಳು ನನಗೆ ಗೊತ್ತಿಲ್ಲವೇ? ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಕನ್ನಡಕ ಹಾಕಿಕೊಂಡು, ಒಬ್ಬರೇ ಕೂತು, ಎರಡು ಸಲ ಓದಿ.

ಗುರುವಾರ ಅಂಗಡಿಯಲ್ಲಿ ನಡೆದದ್ದನ್ನು ನೀವು ವೀಡಿಯೊದಲ್ಲಿ ನೋಡಿದ್ದೀರಿ, ಆದರೆ ನೋಡಿದ್ದು ಅರ್ಧ. ಮರ ಕೊಯ್ಯುವ ಹೊಸ ಚೈನ್‌ಸಾಗಳು ಬಂದವು. ಮೂರು. ಕಂಪನಿಯ ಅನಿಲಕುಮಾರ ಎನ್ನುವವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಡಬ್ಬಿ ಬಿಚ್ಚಿ, ಮಗುವನ್ನು ತೋರಿಸಿದ ಹಾಗೆ ಎಲ್ಲರಿಗೂ ತೋರಿಸಿದ. ಇವುಗಳ ಕಾರ್ಬೊರೇಟರಿಗೆ ಟ್ಯೂನಿಂಗ್ ಸ್ಕ್ರೂವೇ ಇಲ್ಲವಂತೆ. ಒಳಗಿರುವ ಚಿಕ್ಕ ಕಂಪ್ಯೂಟರು ಎಂಜಿನ್ನಿನ ನಾಡಿ ನೋಡುತ್ತಾ, ಪೆಟ್ರೋಲ್ ಎಷ್ಟು ಬೇಕು, ಗಾಳಿ ಎಷ್ಟು ಬೇಕು ಎಂದು ಕ್ಷಣಕ್ಷಣಕ್ಕೂ ತಾನೇ ಸರಿಮಾಡಿಕೊಳ್ಳುತ್ತದಂತೆ. ಮುಂಬ್ರಾದ ಗುಡ್ಡ ಹತ್ತಿದರೂ ಸರಿ, ಖಾಡಿಯ ಉಪ್ಪುನೀರಿನ ಪಕ್ಕ ನಿಂತರೂ ಸರಿ, ಮೇ ತಿಂಗಳಾದರೂ ಸರಿ, ಜುಲೈ ಆದರೂ ಸರಿ. ಇನ್ನು ಮೇಲೆ ಸ್ಕ್ರೂಡ್ರೈವರ್ ಬೇಡ, ಕಿವಿಯೂ ಬೇಡ ಎಂದ. ಎಲ್ಲರೂ ತಲೆ ಆಡಿಸಿದರು. ಯಾರ ಕಿವಿ ಎಂದು ಒಬ್ಬರೂ ಕೇಳಲಿಲ್ಲ.

ಮೆಷಿನ್ನಿನ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ಇತ್ತು. ಅದರಲ್ಲಿ ಏನಾದರೊಂದು ಕೊಂಕು ಹುಡುಕಿಯೇ ತೀರುತ್ತೇನೆಂದು ಅಡಿಗೆಮನೆಯ ಪರದೆಯ ಹಿಂದೆ ಕಣ್ಣುಮುಚ್ಚಿ ನಿಂತಿದ್ದೆ. ಅವನು ಗುಲ್‌ಮೊಹರಿನ ದಿಮ್ಮಿ ಕೊಯ್ದ. ಆಮೇಲೆ ಬೇಕೆಂದೇ ಧೂಳು ತುಂಬಿದ ಫಿಲ್ಟರ್ ಹಾಕಿ ಮತ್ತೆ ಕೊಯ್ದ. ಮೊದಲಿನ ಎರಡು ತುಂಡಿಗೆ ಅದು ಉಸಿರು ಕಟ್ಟಿದ ಹಾಗೆ ಮಾಡಿತು. ನನಗೆ ಒಳಗೊಳಗೇ ಖುಷಿಯಾಯಿತು. ಐದನೆಯ ತುಂಡಿಗೆ ತಾನೇ ಸರಿಹೋಯಿತು. ನಾನಾಗಿದ್ದರೂ ಸ್ಕ್ರೂವನ್ನು ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಒಳ್ಳೆಯ ಮೆಷಿನ್, ಸುಳ್ಳು ಏಕೆ ಹೇಳಲಿ. ಮರ ಹತ್ತುವವರ ಕೈಗೆ ಒಳ್ಳೆಯ ಮೆಷಿನ್ ಸಿಗಲಿ, ಅದರಲ್ಲಿ ನನಗೇನು ಹೊಟ್ಟೆಕಿಚ್ಚು?

ನನ್ನ ಸಿಟ್ಟು ಆಮೇಲೆ ನಡೆದದ್ದರ ಮೇಲೆ. ನಿಮ್ಮ ಮಗ ಒಂದು ಫ್ರೇಮು ತಂದ. ಅದರೊಳಗೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ನಮ್ಮ ಹಸಿರು ಹಿಡಿಯ ಸ್ಕ್ರೂಡ್ರೈವರ್, ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ‘ಯಜ್ಞೇಶ್ವರ್ ಶೇಠ್ ಕಾ ಕಾನ್’, ನಿಮ್ಮ ಕಿವಿ ಎಂದು ಕೆತ್ತಿಸಿದ್ದಾನೆ. ಅದಕ್ಕೊಂದು ಗಂಧದ ಹಾರ ಬೇರೆ! ಬದುಕಿರುವವರ ವಸ್ತುವಿಗೆ ಗಂಧದ ಹಾರ ಹಾಕುತ್ತಾರೇನ್ರೀ? ಅದೂ ಇರಲಿ, ಹುಡುಗನಿಗೆ ಗೊತ್ತಿಲ್ಲ. ಫ್ರೇಮನ್ನು ಗೋಡೆಗೆ ತೂಗುಹಾಕಿ ಭಾಷಣ ಮಾಡಿದ. ಪಪ್ಪಾನಿಗೆ ಮನುಷ್ಯರ ಮಾತು ಕೇಳಿಸದಿದ್ದರೂ ಎಂಜಿನ್ನಿನ ಮಾತು ಕೇಳಿಸುತ್ತಿತ್ತಂತೆ. ಕಲ್ಯಾಣದಿಂದ ಠಾಣೆಯವರೆಗೆ ಅಂಥ ಕಿವಿ ಇನ್ನೊಂದಿಲ್ಲವಂತೆ. ಇಷ್ಟಕ್ಕೇ ಬಿಟ್ಟಿದ್ದರೆ ನಾನು ಉಗುಳು ನುಂಗಿಕೊಂಡು ಶೀರಾ ಹಂಚುತ್ತಿದ್ದೆ. ಅವನು ನನ್ನ ಕಡೆ ತಿರುಗಿ, ಮಮ್ಮಿಗೂ ಪಪ್ಪಾನ ಕೆಲಸವೆಂದರೆ ಎಷ್ಟು ಅಭಿಮಾನ ಗೊತ್ತೇ, ಪಪ್ಪಾ ಟ್ಯೂನಿಂಗಿಗೆ ಕೂತರೆ ಒಲೆ ಮೇಲಿನದನ್ನು ಮರೆತು ಸೌಟು ಹಿಡಿದುಕೊಂಡು ಬಾಗಿಲಲ್ಲಿ ನೋಡುತ್ತಾ ನಿಂತುಬಿಡುತ್ತಿದ್ದಳು ಎಂದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಆಮೇಲೆ ನಿಮಗೆ ವೀಡಿಯೊ ಕಾಲ್. ನೀವು ಹಾರ ಹಾಕಿದ ಸ್ಕ್ರೂಡ್ರೈವರನ್ನು ನೋಡಿದಿರಿ, ಕೈ ಮುಗಿದಿರಿ, ‘ಎಲ್ಲಾ ದೇವರ ದಯೆ’ ಎಂದಿರಿ.

ದೇವರ ದಯೆಯೇ? ಆ ದೇವರು ಅಲ್ಲೇ ಶೀರಾದ ಪಾತ್ರೆ ಹಿಡಿದು ನಿಂತಿದ್ದಳು. ಭಾಷಣ ನಿಮಗೆ ಕೇಳಿಸಿರಲಿಕ್ಕಿಲ್ಲ, ಒಪ್ಪಿದೆ. ಆದರೆ ಫ್ರೇಮು ಕಂಡಿತಲ್ಲ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಹಾರಕ್ಕೆ ಕತ್ತು ಕೊಟ್ಟಿರಿ.

ಮರೆತಿದ್ದರೆ ನೆನಪು ಮಾಡುತ್ತೇನೆ. ಹದಿನಾಲ್ಕು ವರ್ಷದ ಹಿಂದಿನ ಮೇ ತಿಂಗಳು. ಕಲಬುರಗಿ ಕಡೆಯ ಮರ ಕಡಿಯುವ ಲಕ್ಷ್ಮೀಕಾಂತ ಮುಂಬ್ರಾದ ಕೆಲಸಕ್ಕೆಂದು ಮೆಷಿನ್ ಟ್ಯೂನ್ ಮಾಡಿಸಿಕೊಂಡು ಹೋದ. ಸಂಜೆಯೊಳಗೆ ಅದರ ಪಿಸ್ಟನ್ ಸುಟ್ಟು ಹಿಡಿದುಕೊಂಡಿತು. ಒಂದು ವಾರ ಕಳೆದು ಇನ್ನೊಬ್ಬರದೂ ಹಾಗೇ ಆಯಿತು. ರಸ್ತೆಗೆಲ್ಲ ಕೇಳುವ ಹಾಗೆ ಅವರು ಬಯ್ದಾಗ ನೀವು ತಲೆ ತಗ್ಗಿಸಿ ಕೂತಿದ್ದಿರಿ. ಕಿವಿಗೆ ಒಂದು ಚೂರು ಹತ್ತಿಯನ್ನೂ ಇಡದೆ ವರ್ಷಗಟ್ಟಲೆ ಎಂಜಿನ್ನುಗಳ ಮಧ್ಯೆ ಕೂತವರಿಗೆ ಕಿವಿ ಹೋಗದೆ ಇನ್ನೇನಾಗುತ್ತದೆ? ಆ ದಿನ ನಾನು ಅಡಿಗೆಮನೆಯಿಂದ ಬಂದು, ಬೆಳಿಗ್ಗೆಯೇ ಅದರ ಸ್ವರ ಸರಿಯಿರಲಿಲ್ಲವೆಂದು ಹೇಳಿದೆ. ಅಂಗಡಿಯ ಹಿಂದೆಯೇ ಅಡಿಗೆಮನೆ. ಮದುವೆಯಾಗಿ ಬಂದಂದಿನಿಂದ ಆ ಸದ್ದಿನಲ್ಲೇ ಅನ್ನ ಬೇಯಿಸಿದವಳು ನಾನು. ಸುಮ್ಮನೆ ಕೈಯಲ್ಲಿ ಹಿಡಿದು ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಅದು ತುಸು ಗೊಣಗಬೇಕು. ಮರಕ್ಕೆ ಇಟ್ಟ ಕೂಡಲೇ ಗೊಣಗಾಟ ನಿಲ್ಲಬೇಕು. ಸುಮ್ಮನಿರುವಾಗಲೇ ಇಂಪಾಗಿ ಹಾಡಿತೋ, ಪೆಟ್ರೋಲ್ ಸಾಲದೆ ಒಳಗೇ ಸುಡುತ್ತಿದೆ ಎಂದರ್ಥ. ‘ನಿನ್ನ ಹಾಗೇ ಮಾರಾಯ್ತಿ, ಗೊಣಗ್ತಾ ಇದ್ರೆ ಎಲ್ಲ ಸರಿ ಉಂಟು’ ಎಂದು ನೀವು ನಕ್ಕದ್ದು ಆಗಲೇ. ಎಷ್ಟೋ ದಿನಗಳ ನಂತರ ನೀವು ನಕ್ಕ ಮೊದಲ ನಗು ಅದು, ಅದಕ್ಕೇ ನಾನು ಬೈಯಲಿಲ್ಲ.

ಹಾಗೆ ಶುರುವಾಯಿತು ನಮ್ಮ ನಾಟಕ. ಗಿರಾಕಿ ಹೊರಗಿನ ಸ್ಟೂಲಿನಲ್ಲಿ, ನೀವು ಬೆಂಚಿನಲ್ಲಿ, ನಾನು ಪರದೆಯ ಪಕ್ಕ. ಸೌಟು ಎಡಕ್ಕೆ ವಾಲಿದರೆ ಸ್ಕ್ರೂ ಎಡಕ್ಕೆ, ಪೆಟ್ರೋಲ್ ಹೆಚ್ಚು. ಬಲಕ್ಕೆ ವಾಲಿದರೆ ಬಲಕ್ಕೆ, ಕಡಿಮೆ. ನೆಟ್ಟಗೆ ನಿಂತರೆ ಸಾಕು. ಮೊದಮೊದಲು ನೀವು ಗಂಭೀರವಾಗಿ ಕೇಳಿಸಿಕೊಳ್ಳುವವರ ಹಾಗೆ ಎರಡೂ ಕಣ್ಣು ಮುಚ್ಚಿ, ನನ್ನ ಸೌಟು ಕಾಣದೆ, ಒಂದು ಮೆಷಿನ್ನನ್ನು ಹಾಳುಮಾಡುವುದರಲ್ಲಿದ್ದಿರಿ. ಆಮೇಲೆ ಉಪಾಯ ಮಾಡಿದಿರಿ. ಗಿರಾಕಿಯ ಕಡೆಯ ಕಣ್ಣು ಮುಚ್ಚುವುದು, ನನ್ನ ಕಡೆಯದು ತೆರೆದಿರುವುದು. ಜನ ಅದನ್ನೂ ಮೆಚ್ಚಿದರು. ಶೇಠ್ ಒಂದು ಕಣ್ಣು ಮುಚ್ಚಿದರೆ ಎಂಜಿನ್ನಿನ ಒಳಗು ಕಾಣುತ್ತದೆ ಎಂದರು! ಎಷ್ಟೋ ಸಲ ಸಾರು ಸೀದಿತು, ನೀವು ಊಟಕ್ಕೆ ಕೂತು ಮೂಗು ಮುರಿದಿರಿ. ನಾನು ಬಾಯಿ ಬಿಡಲಿಲ್ಲ. ನಿಮ್ಮ ಮಾನ ನನ್ನ ಮಾನವಲ್ಲವೇ? ಆಗ ಹಾಗೆ ಅನಿಸಿತ್ತು. ಸಂದೇಶ ಡಿಪ್ಲೊಮಾ ಮುಗಿಸಿದ ದಿನ ನೀವೇ, ‘ಈ ಕಿವಿ ನಿಂದು ಅಂತ ಅವನಿಗೆ ಒಂದಿನ ಹೇಳ್ತೇನೆ ರತ್ನಾ’ ಎಂದಿರಿ. ಅದಾಗಿ ಆರು ವರ್ಷ ಕಳೆಯಿತು. ಅವನು ಪಂಪಿನ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು, ಬಿಟ್ಟು, ಅಂಗಡಿಗೇ ಬಂದು ಕೂತ. ನಿಮ್ಮ ಆ ‘ಒಂದಿನ’ ಇನ್ನೂ ಬಂದಿಲ್ಲ.

ಅದೇನು ಅಷ್ಟು ದೊಡ್ಡ ವಿಷಯ, ಮನೆಯೊಳಗಿನ ಮಾತು ಎನ್ನುತ್ತೀರಿ. ನಿಮಗೆ ದೊಡ್ಡದಲ್ಲ, ಏಕೆಂದರೆ ನಿಮ್ಮ ಹೆಸರು ಹಿತ್ತಾಳೆಯಲ್ಲಿದೆ. ನನ್ನ ಮಗ ನನ್ನನ್ನು, ಗಂಡನ ಕೆಲಸ ನೋಡುತ್ತಾ ಬಾಯಿ ತೆರೆದು ನಿಂತ ಹೆಂಗಸು ಎಂದು ತಿಳಿದಿದ್ದಾನೆ. ನಾಳೆ ಅವನ ಮಕ್ಕಳಿಗೂ ಅದನ್ನೇ ಹೇಳುತ್ತಾನೆ. ನನಗೆ ಬಂದ ವಿದ್ಯೆ ಇದೊಂದೇ. ಯಾರೂ ಕಲಿಸಿದ್ದಲ್ಲ, ಯಾವ ಶಾಲೆಯದೂ ಅಲ್ಲ. ಅದು ನನ್ನದಲ್ಲವೆಂದು ನನ್ನ ಮುಂದೆಯೇ ಚಪ್ಪಾಳೆ ತಟ್ಟಿದರೆ ನನಗೆ ಅಳು ಬರುವುದಿಲ್ಲವೇ? ಬಂತು. ಶೀರಾದ ಪಾತ್ರೆ ತೊಳೆಯುತ್ತಾ ಅತ್ತೆ. ತುಪ್ಪದ ಹೊಗೆ ಕಣ್ಣಿಗೆ ಹೋಯಿತೆಂದು ಸಂದೇಶನಿಗೆ ಹೇಳಿದೆ. ಸುಳ್ಳು ಹೇಳುವುದು ನನಗೂ ರೂಢಿಯಾಗಿದೆ ನೋಡಿ, ನಿಮ್ಮ ಸಹವಾಸ.

ಈಗ ಕೆಲಸದ ಮಾತು. ಬರುವ ಶನಿವಾರ, ಇಪ್ಪತ್ತನಾಲ್ಕಕ್ಕೆ, ಕಂಪನಿಯ ಟೆಂಪೊ ಬರುತ್ತದೆ. ಹೊಸದಕ್ಕೆ ಬದಲಾಗಿ ನಮ್ಮ ಒಂಬತ್ತು ಹಳೆಯ ಮೆಷಿನ್ನುಗಳನ್ನೂ ಹೇರಿಕೊಂಡು ಹೋಗುತ್ತದೆ. ನೀವು ಮೊದಲು ಕೊಂಡ ಆ ಕೆಂಪು ಮೆಷಿನ್ನೂ ಪಟ್ಟಿಯಲ್ಲಿದೆ. ಅವು ಹೋದ ಮೇಲೆ ನಾನು ಬಾಯಿಬಿಟ್ಟು ಹೇಳಿದರೂ ಯಾರು ನಂಬುತ್ತಾರೆ? ಯಾವ ಮೆಷಿನ್ನಿನ ಮೇಲೆ ತೋರಿಸಲಿ? ಹೊಸದಕ್ಕೆ ಸ್ಕ್ರೂ ಇಲ್ಲ. ಮುದುಕಿ ಏನೋ ಹೇಳುತ್ತಾಳೆಂದು ನಕ್ಕು ಸುಮ್ಮನಾಗುತ್ತಾರೆ. ಹಳೆಯದನ್ನೆಲ್ಲ ಇಟ್ಟುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಕೊಡಲಿ. ಕೆಂಪು ಮೆಷಿನ್ ಒಂದು ಇರಲಿ. ಮತ್ತೆ ಶನಿವಾರದೊಳಗೆ ನೀವು ಸಂದೇಶನಿಗೆ ನಿಮ್ಮ ಬಾಯಿಂದಲೇ ಸತ್ಯ ಹೇಳಬೇಕು. ನಾನು ಹೇಳಿದರೆ ಅದು ಗಂಡನ ಮೇಲಿನ ಚಾಡಿಯಾಗುತ್ತದೆ. ನೀವು ಹೇಳಿದರೆ ಮಾತ್ರ ಸತ್ಯವಾಗುತ್ತದೆ. ಇದೂ ಒಂದು ಅನ್ಯಾಯವೇ, ಆದರೆ ಅದರ ಜಗಳ ನೀವು ಬಂದ ಮೇಲೆ ಇಟ್ಟುಕೊಳ್ಳೋಣ.

ಬರುವಾಗ ಹಲಸಿನ ಹಪ್ಪಳ, ಸಾರಿಗೆ ಒಣಗಿಸಿದ ಪುನರ್ಪುಳಿ ಸಿಪ್ಪೆ ತನ್ನಿ. ಅಲ್ಲಿ ಕಿವಿಯ ಡಾಕ್ಟರಿಗೆ ತೋರಿಸುತ್ತೇನೆಂದು ಹೊರಟಾಗ ಹೇಳಿದ್ದಿರಿ, ತೋರಿಸಿದಿರಾ? ತೋರಿಸಿರಲಿಕ್ಕಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಇಷ್ಟು ಬಯ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಗೊಣಗುತ್ತಿದ್ದೇನೆ, ಅಂದರೆ ಇನ್ನೂ ಸುಟ್ಟುಹೋಗಿಲ್ಲ.

ನಿಮ್ಮ,
ರತ್ನಾ

ತಾ.ಕ.: ಸೋಮವಾರ ಮಧ್ಯಾಹ್ನ. ಪೋಸ್ಟಾಫೀಸು ಮುಚ್ಚುವುದರೊಳಗೆ ಓಡಬೇಕು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಬೆಳಿಗ್ಗೆ ಲಕ್ಷ್ಮೀಕಾಂತ ತನ್ನ ಹಳೆಯ ಮೆಷಿನ್ ಹೊತ್ತುಕೊಂಡು ಬಂದು, ‘ಶೇಠ್ರು ಊರಿಂದ ಬಂದಿಲ್ಲೇನ್ರಿ ವೈನಿ?’ ಎಂದು ಕೇಳಿದ. ಸಂದೇಶ ಇದ್ದ. ಇನ್ನು ಟ್ಯೂನಿಂಗ್ ಮಾಡುವವರು ಯಾರೂ ಇಲ್ಲ, ಹೊಸದು ತೊಗೊ ಎಂದ. ಲಕ್ಷ್ಮೀಕಾಂತ ಮುಖ ಸಣ್ಣ ಮಾಡಿಕೊಂಡು ಮೆಷಿನ್ ಎತ್ತಿಕೊಂಡ. ನನಗೆ ತಡೆಯಲಾಗಲಿಲ್ಲ. ಫ್ರೇಮನ್ನು ಇಳಿಸು ಎಂದೆ. ಧೂಳು ಒರೆಸುತ್ತೇನೆಂದುಕೊಂಡು ಸಂದೇಶ ಇಳಿಸಿಕೊಟ್ಟ. ಹಾರ ತೆಗೆದೆ, ಹಿಂದಿನ ರಟ್ಟು ಕಿತ್ತೆ, ಸ್ಕ್ರೂಡ್ರೈವರ್ ತೆಗೆದುಕೊಂಡು ನಿಮ್ಮ ಬೆಂಚಿನಲ್ಲಿ ಕೂತೆ. ಎರಡೂ ಕಣ್ಣು ಮುಚ್ಚಿದೆ. ನಾನು ಯಾರ ಸೌಟು ನೋಡಬೇಕಿತ್ತು? ಎಡಕ್ಕೆ ಒಂದು ಕೂದಲೆಳೆ ತಿರುಗಿಸಿದೆ, ಗೊಣಗಿತು. ದಿಮ್ಮಿಗೆ ಇಟ್ಟು ನೋಡಿ ಲಕ್ಷ್ಮೀಕಾಂತ, ‘ಈಗ ಬರೋಬರಿ ಆತ್ ನೋಡ್ರಿ’ ಎಂದು ಹೋದ. ಸಂದೇಶ ಒಳಗೆ ಹೋಗಿ ಪರದೆಯ ಪಕ್ಕ, ನಾನು ನಿಲ್ಲುತ್ತಿದ್ದಲ್ಲೇ ನಿಂತು, ಅಲ್ಲಿಂದ ಬೆಂಚನ್ನು ನೋಡಿದ. ಸೌಟು ಹಿಡಿದ ಹಾಗೆ ಕೈಯನ್ನು ಸ್ವಲ್ಪ ಎತ್ತಿ ಎಡಕ್ಕೆ ವಾಲಿಸಿದ. ಆಮೇಲೆ ಬಂದು ನನ್ನ ಕಾಲ ಬಳಿ ಕೂತು, ‘ಮಮ್ಮಿ, ಪಪ್ಪಾ ಏಕ್ ಹೀ ಆಂಖ್ ಕ್ಯೂಂ ಬಂದ್ ಕರ್‌ತೇ ಥೇ?’ ಎಂದು ಕೇಳಿದ. ನೀವು ಒಂದೇ ಕಣ್ಣು ಏಕೆ ಮುಚ್ಚುತ್ತಿದ್ದಿರಿ ಎಂಬುದಕ್ಕೆ ಉತ್ತರ ನಿಮ್ಮದು. ಪಪ್ಪಾ ಫೋನು ಮಾಡುತ್ತಾರೆ, ಅವರನ್ನೇ ಕೇಳು ಎಂದಿದ್ದೇನೆ. ಅವನು ಕಾಯುತ್ತಿದ್ದಾನೆ. ವೀಡಿಯೊ ಕಾಲ್ ಮಾಡಿ, ಎರಡೂ ಕಣ್ಣು ತೆರೆದು ಹೇಳಿ.