ಜ್ವರ ಬಂದರೆ ಅವತ್ತೇ

ಸಿಂಚನಾಳ ಅಪ್ಪನಿಗೆ,

ಇದನ್ನು ನಿಮಗೆ ಕಳಿಸುವುದಿಲ್ಲ.

ಇವತ್ತು ಸಿಂಚನಾಳನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದರು. "ಕಿರಿದಾದ ಅನ್ನನಾಳ ಹಿಗ್ಗಿಸಿದ ಮೇಲೆ ಮಿದುಳಲ್ಲಿ ಕೀವಾಗೋದು ತೀರಾ ಅಪರೂಪ. ಆದ್ರೂ ಜ್ವರ ಬಂದ್ರೆ ಅವತ್ತೇ ಕರ್ಕೊಂಡು ಬನ್ನಿ ಅಂತ ನಿಮ್ಮ ಯಜಮಾನ್ರಿಗೆ ಹೇಳಿದ್ದೆ. ಅವರು ಹೇಳಲಿಲ್ವಾ?"

ಅವಳಿಗೆ ಜ್ವರ ಬಂದ ದಿನ ನೀವು ನನಗೆ ಹೇಳಿದ್ದು, "ಜ್ವರ ಬರೋದೇ ಅಂತೆ ಮಾರಾಯ್ತಿ, ಮಾತ್ರೆ ಕೊಡು." ಮರುದಿನ ಕಿಗ್ಗದಲ್ಲಿ ನಿಮ್ಮ ತಂಗಿಯ ಗೃಹಪ್ರವೇಶವಿತ್ತು. ನಾಲ್ಕು ದಿನ ಮಾತ್ರೆ ಕೊಟ್ಟೆ. ಮಗುವಿನ ಬಲಗೈ ಸ್ವಾಧೀನ ತಪ್ಪಿದಾಗ ಎಲ್ಲರೆದುರು ನನ್ನನ್ನೇ ದೂರಿ ಮನೆ ಬಿಟ್ಟಿರಿ. ನನ್ನದೇ ತಪ್ಪೆಂದು ನಾನೂ ನಂಬಿದ್ದೆ.

ಇವತ್ತು ವಾಪಸು ಬರುವಾಗ ಕೊಪ್ಪದ ಹೋಟೆಲಿನಲ್ಲಿ ಸಿಂಚನಾ ಎಡಗೈಯಲ್ಲಿ ಇಡೀ ದೋಸೆ ತಿಂದಳು.

"ಅಮ್ಮಾ, ಗಂಟಲಲ್ಲಿ ಸಿಕ್ಕಲೇ ಇಲ್ಲ! ಅಪ್ಪಂಗೆ ಹೇಳು."

"ಹೇಳ್ತೀನಿ" ಎಂದೆ. ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಲಿಲ್ಲ.