ನೇಕಾರರ ಸಾಲಿನ ಗೋಡೆಗೆ ವಯಸ್ಸಾಗಿಲ್ಲ, ಸ್ವಾಮಿ

ಮಾನ್ಯ ಕಟ್ಟಡ ಸುರಕ್ಷತಾ ಅಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಲ್ಡೂರಿಯ ನೇಕಾರರ ಸಾಲು ಎಂಬ ಬೀದಿಯಲ್ಲಿ ಉಳಿದಿರುವ ಒಂದೇ ಒಂದು ಮನೆಯನ್ನು ನೆಲಸಮ ಮಾಡುವುದಾಗಿ ನೋಟಿಸು ಅಂಟಿಸಿದ್ದೀರಿ. ಒಳಗೆ ಇಶ್‌ಬೆಲ್ ರೆನಿ ಇನ್ನೂ ನೇಯುತ್ತಿದ್ದಾಳೆ. ಅವಳ ಎರಡು ಮಗ್ಗ ಹಿಡಿಸುವ ಬೇರೆ ಮನೆ ಈ ಹಳ್ಳಿಯಲ್ಲಿಲ್ಲ. ಕಾರಣ ಏನೆಂದು ಬರೆದಿದ್ದೀರಿ? “ವಯೋಸಹಜ ಶಿಥಿಲತೆ.” ಇನ್ನೂರು ವರ್ಷ ಹಿಮಕ್ಕೂ ಗಾಳಿಗೂ ಜಗ್ಗದ ಗೋಡೆಗೆ ಈ ಇಪ್ಪತ್ತಾರು ವರ್ಷದಲ್ಲೇ ಏಕಾಏಕಿ ಮುಪ್ಪು ಬಂತೇ? ಊರ ಬಾಗಿಲಲ್ಲಿ “ಐತಿಹಾಸಿಕ ನೇಕಾರರ ಗ್ರಾಮ” ಎಂಬ ಫಲಕ ನೆಟ್ಟವರೂ ನೀವೇ. ಕೆಡವಿದ ಜಾಗದಲ್ಲಿ ಪ್ರವಾಸಿಗರ ಕಾರು ನಿಲ್ಲಿಸುತ್ತೀರಂತೆ. ಅವರು ಇಳಿದು ಏನನ್ನು ನೋಡಬೇಕು, ಆ ಫಲಕವನ್ನೇ?

ಗೋಡೆಗೆ ಏನಾಯಿತೆಂದು ನಾನು ಹೇಳುತ್ತೇನೆ, ಏಕೆಂದರೆ ಮಾಡಿದವನು ನಾನೇ. ಇಪ್ಪತ್ತಾರು ವರ್ಷದ ಹಿಂದೆ ನಾನು ನಿಮ್ಮ ಕಚೇರಿಯ ಗಾರೆ ಕೆಲಸದವ. ಆ ಮರಳುಗಲ್ಲಿನ ಗೋಡೆಗಿದ್ದದ್ದು ಸುಣ್ಣದ ಗಾರೆ. ಮಳೆಗೆ ನೀರು ಕುಡಿದರೂ ಬಿಸಿಲು ಬಂದಾಗ ಹೊರಗೆ ಬಿಡುತ್ತಿತ್ತು. ಅದನ್ನು ಕೆರೆದು ಸಿಮೆಂಟು ಮೆತ್ತಬೇಕೆಂದು ನಿಮ್ಮ ಕಚೇರಿಯಿಂದ ಲಿಖಿತ ಆದೇಶ ಬಂತು. ಇಶ್‌ಬೆಲ್‌ಳ ಅಪ್ಪ ಗೇವಿನ್ ಏಣಿಯ ಕೆಳಗೆ ನಿಂತು ಬೈದ: “ಏ ವಾಟಿ, ಒಳಗಿನ ತೇವ ಎಲ್ಲಿಂದ ಹೋಗ್ಬೇಕಯ್ಯಾ? ಗೋಡೆ ಬಾಯಿಗೇ ಬಟ್ಟೆ ತುರುಕ್ತಿದೀಯಲ್ಲೋ.”

“ಆಫೀಸಿನೋರು ಹೇಳಿದ್ದು ಮಾಡ್ತೀನಿ, ಯಜಮಾನ್ರೇ. ನೀವು ಒಳಗ್ಹೋಗಿ ಟೀ ಕುಡೀರಿ,” ಎಂದೆ. ಅವನು ಹೇಳಿದ್ದು ನಿಜವೆಂದು ನನಗೂ ಗೊತ್ತಿತ್ತು. ನಮ್ಮಪ್ಪ ಜೀವಮಾನವಿಡೀ ಸುಣ್ಣ ಕಲಸಿದವನು. ಗೊತ್ತಿದ್ದೂ ಮೆತ್ತಿದೆನಲ್ಲ, ನಾಚಿಕೆಯಾಗುತ್ತದೆ.

ಕಳೆದ ಮಂಗಳವಾರ ನಿಮ್ಮ ಎಂಜಿನಿಯರ್ ಬಂದು ಒಳಗೋಡೆಗೆ ಬೆರಳೊತ್ತಿದರು. ಒದ್ದೆ ಮರಳು ಉದುರಿತು. “ಹಳೇ ಗೋಡೆ ಅಲ್ವಾ, ಇಷ್ಟೇ ಇದರ ಆಯಸ್ಸು,” ಎಂದು ಬರೆದುಕೊಂಡರು. ನಾನು ಪಕ್ಕದಲ್ಲೇ ಟೋಪಿ ಹಿಡಿದು ನಿಂತಿದ್ದೆ. ಅವರ ಕಾರು ತಿರುವು ದಾಟಿದ ಮೇಲೆ ಇಶ್‌ಬೆಲ್ ಕೇಳಿದಳು: “ನೀನಾದ್ರೂ ಬಾಯಿ ಬಿಡಬಹುದಿತ್ತಲ್ಲ, ವಾಟಣ್ಣ?”

ಈಗ ಬಿಡುತ್ತಿದ್ದೇನೆ. ನಿಮ್ಮ ಯಂತ್ರವನ್ನು ತಡೆಯಿರಿ. ಸಿಮೆಂಟು ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಒಣಗಲು ಬಿಡಿ. ಆಮೇಲೆ ಯಾವ ತಜ್ಞರನ್ನಾದರೂ ಕರೆತನ್ನಿ. ಹಳೆಯ ಆದೇಶದ ಪ್ರತಿಯನ್ನು ಈ ಪತ್ರದ ಜೊತೆ ಪತ್ರಿಕೆಗೂ ಕೊಟ್ಟಿದ್ದೇನೆ. ಶನಿವಾರದೊಳಗೆ ಒಪ್ಪಿಗೆ ಬಾರದಿದ್ದರೆ ಭಾನುವಾರ ನಾನೇ ಏಣಿ ಹಾಕಿ ಕೀಳಲು ಶುರು ಮಾಡುತ್ತೇನೆ. ಅದು ಅಪರಾಧವಾದರೆ ಹಿಡಿದುಕೊಂಡು ಹೋಗಿ. ಮೆತ್ತಿದ ದಿನ ಯಾರೂ ಹಿಡಿಯಲಿಲ್ಲ.

ಇಂತಿ,
ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ ತಪ್ಪಿತಸ್ಥ,
ವಾಟಿ ರಟ್ರೇ
ನಿವೃತ್ತ ಗಾರೆ ಕೆಲಸದವ, ಬಾಲ್ಡೂರಿ